ಕಂದು, ಎಡಗಿವಿ ಬಿಳಿ

ಜನಗಣತಿ ಸಿಗುವುದಿಲ್ಲ.
ಡಬ್ಲಿನ್ನಿನ ದಾಖಲೆಮನೆಗೆ ಬೆಂಕಿ ಬಿದ್ದ ದಿನ
ಊರೂರ ಹೆಸರುಗಳು ಕರಿ ಚೂರುಗಳಾಗಿ ಹಾರಿ
ಯಾರದೋ ಹಿತ್ತಿಲ ತಂತಿಯ ಮೇಲೆ
ಒಣಹಾಕಿದ ಅಂಗಿಗಳಿಗೆ ಅಂಟಿಕೊಂಡವಂತೆ.
ಕೊಡವಿದರು. ಅಷ್ಟೆ.

ಉಳಿದದ್ದು ನಾಯಿಗಳ ಲೆಕ್ಕ.

ನಗಬೇಡಿ. ನಮ್ಮ ಲೀಟ್ರಿಮ್ ಸೀಮೆಯಲ್ಲಿ
ಮನುಷ್ಯ ಹುಟ್ಟಿದ್ದಕ್ಕೆ ಪಾದ್ರಿಯ ಕಾಗೆಕಾಲು ಅಕ್ಷರವೇ ಸಾಕ್ಷಿ,
ಅದಕ್ಕೂ ತೇವ ಹತ್ತಿದೆ.
ನಾಯಿ ಸಾಕಿದವನು ಮಾತ್ರ ವರ್ಷ ವರ್ಷ
ಕೋರ್ಟಿನ ಗುಮಾಸ್ತನೆದುರು ಟೋಪಿ ಕೈಲಿ ಹಿಡಿದು ನಿಂತು
ಎರಡೂವರೆ ಶಿಲಿಂಗ್ ಎಣಿಸಬೇಕಿತ್ತು.
ಜಮೀನ್ದಾರನ ಬೇಟೆನಾಯಿ ಹದಿನೇಳು, ಎಲ್ಲವೂ ಒಂದೇ ಸಾಲಿನಲ್ಲಿ;
ವಿಧವೆ ಗಿಲ್ರೇನಳ ಕುಂಟ ಟೆರಿಯರ್;
ಅದರ ಕೆಳಗೆ, ಗುಂಡು ಕೈಬರಹದಲ್ಲಿ:

ಫೆಲಿಮ್ ಮೆಕ್‌ಟರ್ನನ್. ನಾಯಿ ಒಂದು. ಹೆಣ್ಣು.
ಕಂದು, ಎಡಗಿವಿ ಬಿಳಿ.

ನನ್ನ ಮುತ್ತಜ್ಜ. ೧೮೭೪ರಿಂದ ೧೮೮೧ರವರೆಗೆ
ಎಂಟು ಸಾಲು. ಅವನ ಬದುಕಿನ ಬಗ್ಗೆ ಸರ್ಕಾರಕ್ಕೆ
ಗೊತ್ತಿದ್ದದ್ದು ಒಂದು ಕಿವಿಯ ಬಣ್ಣ.
ಎಂಬತ್ತೆರಡರಲ್ಲಿ ಸಾಲಿಲ್ಲ.

ಆ ಖಾಲಿಗೆ ನಮ್ಮ ಮನೆಯಲ್ಲಿ ಕಥೆಯಿತ್ತು.
"ಫೆಲಿಮ್ ನೀರು ದಾಟಿ ಹೋದ."
ಹೀಗೆಂದವಳು ಸಬೈನಾ, ಅವನ ಹೆಂಡತಿ.
ಅವಳ ಮಡಿಲಲ್ಲಿ ಕೂತು ಕೇಳಿದವಳು ಸೋದರತ್ತೆ ಅಟ್ರಾಕ್ಟಾ,
ತೊಂಬತ್ತೊಂದು ತುಂಬಿದ ಮೇಲೂ ಅದೇ ದನಿಯಲ್ಲಿ ಹೇಳುತ್ತಾಳೆ,
ಕೊನೆಗೆ ಮುದುಕಿಯ ಗೊಣಗನ್ನೂ ಸೇರಿಸಿ:
"ಹೋಗುವವನು ಹೋದ. ನಾಯಿಯನ್ನಾದರೂ ಬಿಟ್ಟು ಹೋಗಬಾರದಿತ್ತೇ?"

ನೀರು ಅಂದರೆ ಅಟ್ಲಾಂಟಿಕ್ ಅಂದುಕೊಂಡೆವು.
ಶಾಲೆಯ ಬಸ್ಸು ಓಡಿಸುವವಳು ನಾನು;
ಮೂರು ಬೇಸಿಗೆ ರಜೆ ಹಡಗುಗಳ ಪಟ್ಟಿಗೇ ಹೋದವು.
ಏಳು ಜನ ಫೆಲಿಮರು ಸಿಕ್ಕರು.
ಬಾಸ್ಟನ್ನಿನ ಒಬ್ಬ ಹೆಂಗಸು ತನ್ನ ಫೆಲಿಮನ ಫೋಟೋ ಕಳಿಸಿದಳು,
ಮೀಸೆ ಥೇಟ್ ನಮ್ಮಪ್ಪನದು. ಆದರೂ ಅವನಲ್ಲ.
ಕುರಿ ಕಾಯುವ ನಾಯಿಯನ್ನು ಅಮೆರಿಕಕ್ಕೆ
ಯಾರು ಒಯ್ಯುತ್ತಾರೆ ಎಂದು
ಇಷ್ಟು ತಲೆಮಾರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೊನ್ನೆ, ಬೇರೇನೋ ಹುಡುಕುತ್ತಾ,
ಪಕ್ಕದ ಕೋರ್ಟಿನ ಪುಸ್ತಕ. ೧೮೮೩.
ಬೇರೆ ಗುಮಾಸ್ತ, ಅವಸರದ ಕೈ:
ಫೆ. ಮೆಕ್‌ಟರ್ನನ್. ಹೆಣ್ಣು ಒಂದು. ಕಂದು. ಕಿವಿ ಬಿಳಿ.
ಯಾವ ಕಿವಿ ಎಂದು ಬರೆಯಲಿಲ್ಲ, ಪುಣ್ಯಾತ್ಮ.

ಆ್ಯಲನ್ ಸರೋವರದ ಆಚೆ ದಡ.
ನಮ್ಮ ಹಿಂಬಾಗಿಲಲ್ಲಿ ನಿಂತರೆ
ಅಲ್ಲಿ ಒಲೆ ಹೊತ್ತಿಸಿದ್ದು ಕಾಣುತ್ತದೆ.
ದಿನಾ ಕಂಡಿರಬೇಕು ಅವಳಿಗೆ,
ಹಾಲು ಕರೆದು ಬರುವಾಗ, ಬಟ್ಟೆ ಹಿಂಡುವಾಗ.
ಸುಳ್ಳಾಡಿರಲಿಲ್ಲ ಸಬೈನಾ.
ಯಾವ ನೀರು ಎಂದು ಯಾರೂ ಕೇಳಿರಲಿಲ್ಲ.

ಆಮೇಲೆ ೧೮೮೫. ಮತ್ತೆ ನಮ್ಮ ದಡದ ಪುಸ್ತಕ,
ಅದೇ ಗುಂಡು ಕೈಬರಹ, ಈಗ ಸ್ವಲ್ಪ ನಡುಗುತ್ತದೆ:

ಸಬೈನಾ ಮೆಕ್‌ಟರ್ನನ್. ನಾಯಿ ಒಂದು. ಹೆಣ್ಣು.
ಕಂದು, ಎಡಗಿವಿ ಬಿಳಿ.

ದಡದ ಸುತ್ತು ಬಳಸಿ ಮುದಿ ಕಾಲಲ್ಲಿ ನಡೆದು ಬಂತೋ?
ಅದರ ಮರಿಯೋ? ಅವನು ಸತ್ತ ಮೇಲೆ
ದೋಣಿಯಲ್ಲಿ ಯಾರಾದರೂ ತಂದು ಕಟ್ಟಿಹೋದರೋ?
ವಯಸ್ಸಿಗೆ ಕಾಲಮ್ ಇಲ್ಲ. ಹೆಸರಿಗೂ ಇಲ್ಲ.

ಅತ್ತೆಗೆ ಹೇಳಲೋ ಬೇಡವೋ ಎಂದು ಒಂದು ವಾರ ಕಳೆದೆ.
ಹೇಳಿದೆ. ಫೆಲಿಮನ ಬಗ್ಗೆ ಏನೂ ಅನ್ನಲಿಲ್ಲ,
ಕಿಟಕಿಯತ್ತ ತಿರುಗಲೂ ಇಲ್ಲ.
"ಮನೆ ತುಂಬ ಐದು ಮಕ್ಕಳು. ಎರಡೂವರೆ ಶಿಲಿಂಗ್
ಎಲ್ಲಿಂದ ತಂದಳೇ?" ಎಂದು ಬೆರಳು ಮಡಿಸತೊಡಗಿದಳು.
"ಮೊಟ್ಟೆ ಡಜನ್ನಿಗೆ ಐದು ಪೆನ್ಸ್ ಅಂತಿಟ್ಟುಕೋ.
ಆರು ಡಜನ್.
ಎಪ್ಪತ್ತೆರಡು ಮೊಟ್ಟೆ, ಆ ನಾಯಿಗೆ."
ತಪ್ಪಿರಬಹುದೆಂದು
ಮತ್ತೆ ಮೊದಲಿಂದ ಎಣಿಸಿದಳು.